ರೋಸಾ ಪಾರ್ಕ್ಸ್ ಪಾಠ ಬಾಯಿಪಾಠ ಆಗಿದೆ, ಮಗಳ ಸ್ವಂತ ಮಾತು ಬರುತ್ತಿಲ್ಲ

ಕೇಳಿದವರು, ರಾಯಚೂರು:
ಮಗಳು ಏಳನೇ ಕ್ಲಾಸು. ಟ್ಯೂಷನ್‌ನಲ್ಲಿ ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟ ಹೇಳಿಕೊಡುತ್ತಿದ್ದಾರೆ. ಹೆಸರು, ಇಸವಿ ಎಲ್ಲಾ ಪಟಪಟ ಅಂತ ಹೇಳುತ್ತಾಳೆ. ‘ನಿನಗೇನು ಅನಿಸಿತು, ಹತ್ತು ಸಾಲು ಬರಿ’ ಅಂದರೆ ಪೆನ್ನು ಕಚ್ಚಿಕೊಂಡು ಕೂರುತ್ತಾಳೆ. ನಿಮ್ಮ ಮಕ್ಕಳಿಗೆ ಏನು ಮಾಡಿದಿರಿ?

ಬಳ್ಳಾರಿಯಿಂದ:
ಅಕ್ಕ, ನಾನು ಮನೆಯಲ್ಲೇ ಟ್ಯೂಷನ್ ಮಾಡುತ್ತೇನೆ. ‘ಏನು ಅನಿಸಿತು’ ಅಂತ ದೊಡ್ಡವರನ್ನ ಕೇಳಿದರೂ ‘ಚೆನ್ನಾಗಿತ್ತು’ ಅಂದು ಸುಮ್ನಾಗುತ್ತಾರೆ. ಮೊದಲು ಜಗಳ ಆಡೋಕೆ ಏನಾದರೂ ಕೊಡಿ.

ನಾನು ಬಸ್ಸಿನ ಹಾಗೆ ಕುರ್ಚಿ ಸಾಲಾಗಿ ಹಾಕುತ್ತೇನೆ. ಆಗ ಅಮೆರಿಕದ ಮಾಂಟ್‌ಗೊಮರಿ ಅನ್ನೋ ಊರಿನ ಬಸ್ಸಿನಲ್ಲಿ ಮುಂದಿನ 10 ಸೀಟು ಬಿಳಿಯರಿಗೇ, ಖಾಲಿ ಇದ್ದರೂ ಕಪ್ಪು ಜನ ಕೂರುವಂತಿರಲಿಲ್ಲ. ಮಧ್ಯದಲ್ಲಿ ಕೂರಬಹುದಿತ್ತು, ಆದರೆ ಬಿಳಿಯರಿಗೆ ಜಾಗ ಸಾಲದಿದ್ದರೆ ಏಳಬೇಕಿತ್ತು. 1955ರ ಡಿಸೆಂಬರ್ 1ರಂದು ಸೀಟಿಲ್ಲದೆ ನಿಂತಿದ್ದ ಬಿಳಿಯ ಒಬ್ಬನೇ, ಡ್ರೈವರ್ ಏಳಿ ಅಂದಿದ್ದು ಮಧ್ಯದ ಒಂದು ಸಾಲಿನಲ್ಲಿದ್ದ ನಾಲ್ವರು ಕಪ್ಪು ಜನರಿಗೂ, ಯಾಕಂದರೆ ಒಂದೇ ಸಾಲಿನಲ್ಲಿ ಕಪ್ಪು ಜನ, ಬಿಳಿಯರು ಜೊತೆಗೆ ಕೂರುವಂತಿರಲಿಲ್ಲ. ಮೂವರು ಎದ್ದರು, ರೋಸಾ ಪಾರ್ಕ್ಸ್ ಏಳಲಿಲ್ಲ. ಹೀಗೇ ಕುರ್ಚಿಯಿಂದ ಎಬ್ಬಿಸಿದಾಗ ಒಬ್ಬ ಹುಡುಗ ಸಿಟ್ಟಿಗೆದ್ದು, ‘ಒಬ್ಬನಿಗೆ ಸೀಟು ಬೇಕಂದ್ರೆ ನಾಲ್ಕು ಮಂದಿ ಯಾಕೆ ಏಳ್ಬೇಕ್ರಿ ಟೀಚರ್?’ ಅಂದ. ಅವನ ಹತ್ತು ಸಾಲಿಗೆ ಅದೇ ಮೊದಲನೇ ಸಾಲು.

ಆಮೇಲೆ ಕ್ಲಾಡೆಟ್ ಕಾಲ್ವಿನ್ ವಿಷಯ ತೆಗೆಯಿರಿ. ಅದೇ ಊರಲ್ಲಿ, ಅದೇ ವರ್ಷ ಮಾರ್ಚ್‌ನಲ್ಲೇ ಸೀಟು ಬಿಡದೆ ಅರೆಸ್ಟ್ ಆದ 15 ವರ್ಷದ ಹುಡುಗಿ. ಅವಳನ್ನು ಮುಂದಿಟ್ಟುಕೊಂಡು ಕಪ್ಪು ಜನರ ನಾಯಕರು ಬಸ್ ಬಹಿಷ್ಕಾರ ಶುರು ಮಾಡಲಿಲ್ಲ, ಪಾರ್ಕ್ಸ್ ಅರೆಸ್ಟ್ ಆದಮೇಲೆ ಮಾಡಿದರು. ಸರಿನಾ, ತಪ್ಪಾ? ಇಲ್ಲಿ ಮಕ್ಕಳು ಎರಡು ಪಾರ್ಟಿ ಆಗೇ ಆಗುತ್ತಾರೆ. ಕೋರ್ಟಿನಲ್ಲಿ ಆ ಬಸ್ ಕಾನೂನನ್ನು ಬೀಳಿಸಿದ ಕೇಸು ಹಾಕಿದವರಲ್ಲಿ ಕಾಲ್ವಿನ್ ಇದ್ದಳು, ಪಾರ್ಕ್ಸ್ ಇರಲಿಲ್ಲ. ಇದನ್ನು ಜಗಳ ಜೋರಾದ ಮೇಲೆ ಹೇಳಿ, ಮೊದಲೇ ಹೇಳಿದರೆ ಮಜಾ ಹೋಗುತ್ತದೆ.

ಕೊಪ್ಪಳದಿಂದ:
ನಮ್ಮ ಹುಡುಗನಿಗೆ ಪ್ರಬಂಧ ಅಂದರೆ ಜ್ವರ. ಕರಪತ್ರ ಬರೆಸಿದೆ. ಪಾರ್ಕ್ಸ್ ಅರೆಸ್ಟ್ ಆದ ರಾತ್ರಿಯೇ ಜೋ ಆನ್ ರಾಬಿನ್ಸನ್ ಅನ್ನೋ ಕಾಲೇಜು ಮೇಡಂ, ಸೋಮವಾರ ಬಸ್ ಹತ್ತಬೇಡಿ ಅಂತ ಸಾವಿರಾರು ಕರಪತ್ರ ಅಚ್ಚು ಹಾಕಿದ್ದರು. ಆ ಕಾಗದ ನೀನೇ ಬರೆಯಬೇಕಾಗಿತ್ತು ಅಂದುಕೋ ಅಂದೆ. ಬಹಿಷ್ಕಾರ 381 ದಿನ ನಡೆಯಿತು, ಅಷ್ಟು ದಿನ ಕೂಲಿ ಕೆಲಸಕ್ಕೆ ಹೋಗುವವರು ಏನು ಮಾಡಿದರು ಅಂತ ಅವನೇ ಕೇಳಿದ. ನಡೆದರು, ಕಾರಿದ್ದವರು ಹತ್ತಿಸಿಕೊಂಡು ಹೋದರು. ಅವನ ಕರಪತ್ರದ ಕೊನೆ ಸಾಲು: ‘ಮುದುಕರು ಇದ್ದರೆ ನಮ್ಮ ಮನೆಗೆ ಹೇಳಿ, ಅಪ್ಪನ ಗಾಡಿ ಇದೆ.’ ನನ್ನನ್ನ ಕೇಳಿರಲಿಲ್ಲ!

ಇನ್ನೊಂದು, ಮೊದಲು ಮನೆ ಮಾತಲ್ಲೇ ಹೇಳಲಿ, ಉರ್ದು, ತೆಲುಗು ಬೆರೆತರೂ ಬೆರೆಯಲಿ. ಫೋನಲ್ಲಿ ರೆಕಾರ್ಡ್ ಮಾಡಿ, ಅದನ್ನೇ ಕೇಳಿಕೊಂಡು ಬರೆಯಲಿ. ಕಾಗುಣಿತ ಆಮೇಲೆ ನೋಡಿದರಾಯಿತು.

ಸಿಂಧನೂರಿನಿಂದ:
ಕುರ್ಚಿ ಆಟಕ್ಕೆ ನನ್ನದೊಂದು ತಕರಾರಿದೆ. ಯಾರು ಏಳಬೇಕು ಅನ್ನೋದನ್ನ ಚೀಟಿ ಎತ್ತಿ ಗೊತ್ತು ಮಾಡಿ, ಟೀಚರ್ ಬೆರಳು ಮಾಡಿ ಆರಿಸಬಾರದು. ನಮ್ಮ ಕಡೆ ಮಕ್ಕಳಿಗೆ ಯಾರ ಕೇರಿ ಯಾವುದು ಅಂತ ಚೆನ್ನಾಗಿ ಗೊತ್ತಿರುತ್ತದೆ. ಅಮೆರಿಕ ಮುಗಿದ ತಕ್ಷಣ ಮಹಾರಾಷ್ಟ್ರದ ಮಹಾಡ್‌ಗೆ ಬನ್ನಿ, 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ, ದಲಿತರಿಗೆ ಮುಟ್ಟಲು ಬಿಡದಿದ್ದ ಚವದಾರ್ ಕೆರೆಯ ನೀರು ಕುಡಿದಿದ್ದು. ಇಲ್ಲದಿದ್ದರೆ ಇದೆಲ್ಲಾ ದೂರದೇಶದ ಕತೆ ಅಂತ ಉಳಿದುಬಿಡುತ್ತದೆ. ಆದರೆ ‘ನಿನಗೆ ಹೀಗೆ ಆಗಿದೆಯಾ?’ ಅಂತ ಯಾವ ಮಗುವನ್ನೂ ಎಲ್ಲರ ಮುಂದೆ ಕೇಳಬೇಡಿ. ತಾನಾಗಿ ಬರೆದರೆ ಓದಿ. ಜೋರಾಗಿ ಓದಿ ಹೇಳೋದು ಬಿಡೋದು ಅವಳಿಗೇ ಬಿಟ್ಟಿದ್ದು, ನಿಮಗಲ್ಲ, ಟ್ಯೂಷನ್‌ನವರಿಗೂ ಅಲ್ಲ.