ಸೆರೆಮನೆಯ ಅಂಕಿಗಳನ್ನು ಇತಿಹಾಸಕಾರ ಓದುವ ಬಗೆ: ಖಲೀಲ್ ಜಿಬ್ರಾನ್ ಮುಹಮ್ಮದ್ ಅವರ ಅಧ್ಯಯನ

ಪ್ರಶ್ನೆ:
ನಾನು ಬಿ.ಕಾಂ. ಮುಗಿಸಿ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಅಮೆರಿಕದ ನಗರಗಳಲ್ಲಿ ಜನಾಂಗ, ವಲಸೆ, ಅಪರಾಧ ಇವುಗಳ ಸಂಬಂಧವನ್ನು ಶೋಧಿಸಿದ ಖಲೀಲ್ ಜಿಬ್ರಾನ್ ಮುಹಮ್ಮದ್ ಅವರೂ ಅರ್ಥಶಾಸ್ತ್ರದಿಂದ ಬಂದವರೆಂದು ಕೇಳಿದ್ದೇನೆ. ಅಪರಾಧದ ಅಧ್ಯಯನದಲ್ಲಿ ಇತಿಹಾಸಕಾರರಿಗೆ ಏನು ಕೆಲಸವೆಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ನೀವು ಕೇಳಿದ್ದು ನಿಜ. ಅವರು 1993ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪದವಿ ಪಡೆದು, ಲೆಕ್ಕಪತ್ರ ಸಂಸ್ಥೆಯೊಂದರಲ್ಲಿ ದುಡಿದು, ಆಮೇಲೆ ಇತಿಹಾಸಕ್ಕೆ ಬಂದು 2004ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಇಂಡಿಯಾನಾದಲ್ಲಿ ಪಾಠ ಹೇಳಿದರು, ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ, ಕಪ್ಪು ಜನರ ಇತಿಹಾಸ-ಸಂಸ್ಕೃತಿಯ ಸಂಶೋಧನಾ ಗ್ರಂಥಾಲಯವಾದ ಷೋಂಬರ್ಗ್ ಕೇಂದ್ರವನ್ನು 2016ರವರೆಗೆ ಮುನ್ನಡೆಸಿದರು, ಅನಂತರ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಹುದ್ದೆಗಳಿಗಿಂತ ಅವರು ಕೈಗೆತ್ತಿಕೊಂಡ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. 1890ರ ಜನಗಣತಿಯಂತೆ ಕಪ್ಪು ಜನರು ಜನಸಂಖ್ಯೆಯಲ್ಲಿ ಶೇ. 12ರಷ್ಟಿದ್ದರೆ, ಸೆರೆಯಾಳುಗಳಲ್ಲಿ ಶೇ. 30ರಷ್ಟಿದ್ದರು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ಅಪರಾಧವು ಆ ಜನಾಂಗದ ಹುಟ್ಟುಗುಣವೆಂಬ ತೀರ್ಮಾನವನ್ನು ಯಾರು, ಯಾವಾಗ, ಏತಕ್ಕಾಗಿ ಕಟ್ಟಿದರು ಎಂದು ಹುಡುಕುವುದು ಇತಿಹಾಸಕಾರರ ಕೆಲಸವೇ. 2010ರಲ್ಲಿ ಬಂದ ಅವರ ಪುಸ್ತಕ ಮಾಡಿರುವುದು ಅದನ್ನೇ.

ಉತ್ತರ 2:
ಆ ತೀರ್ಮಾನಕ್ಕೆ ಶಾಸ್ತ್ರದ ಮುದ್ರೆ ಒತ್ತಿದವರಲ್ಲಿ ಪ್ರಮುಖನು ಪ್ರುಡೆನ್ಷಿಯಲ್ ವಿಮಾ ಕಂಪನಿಯ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಹಾಫ್‌ಮನ್. 1896ರ ತನ್ನ ಗ್ರಂಥದಲ್ಲಿ ಅವನು, ತಾನು ಜರ್ಮನಿಯಲ್ಲಿ ಹುಟ್ಟಿದವನಾದ್ದರಿಂದ ತನಗೆ ಪೂರ್ವಗ್ರಹವಿಲ್ಲವೆಂದು ಹೇಳಿಕೊಂಡ. ಅದೇ ವರ್ಷ ಕಪ್ಪು ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡುಬಾಯ್ಸ್, ಕಪ್ಪು ಜನರು ಹೆಚ್ಚಾಗಿ ನೆಲೆಸಿದ್ದ ಫಿಲಡೆಲ್ಫಿಯಾದ ಏಳನೇ ವಾರ್ಡಿನಲ್ಲಿ ಮನೆಮನೆಯ ಬಾಗಿಲು ತಟ್ಟಿ, ಬಾಡಿಗೆ, ಕೂಲಿ, ಕುಟುಂಬದ ವಿವರಗಳನ್ನು ಬರೆದುಕೊಳ್ಳತೊಡಗಿದ್ದರು. ಅವರನ್ನು ಆ ಕೆಲಸಕ್ಕೆ ಕರೆಸಿದ್ದು ಮುಂದೆ ಮುಹಮ್ಮದ್ ಓದಿದ ವಿಶ್ವವಿದ್ಯಾಲಯವೇ. ಆದರೆ ಪಾಠ ಹೇಳುವ ಅವಕಾಶವನ್ನು ಅದು ಅವರಿಗೆ ಕೊಡಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬ ಉಪಕಾರವಾಯಿತು. ಇದರಲ್ಲಿ ವಲಸಿಗರ ವಿಷಯ ಎಲ್ಲಿ ಬರುತ್ತದೆ?

ಉತ್ತರ 3:
ಐರಿಷ್, ಇಟಾಲಿಯನ್, ಪೋಲಿಷ್ ವಲಸಿಗರ ಕೇರಿಗಳಲ್ಲೂ ಅಪರಾಧವಿತ್ತು. ಆದರೆ ಅಲ್ಲಿನದನ್ನು ಸುಧಾರಕರು ಬಡತನದ, ಇಕ್ಕಟ್ಟಾದ ಮನೆಗಳ ಫಲವೆಂದು ವಿವರಿಸಿದರು. ಸಮಾಜ ಸುಧಾರಕಿ ಜೇನ್ ಆಡಮ್ಸ್ 1889ರಲ್ಲಿ ಷಿಕಾಗೋದಲ್ಲಿ ಆರಂಭಿಸಿದ ಹಲ್ ಹೌಸ್‌ನಂಥ ಸೇವಾ ನೆಲೆಗಳಲ್ಲಿ ವಲಸಿಗರ ಮಕ್ಕಳಿಗೆ ಶಿಶುವಿಹಾರ, ಆಟದ ಬಯಲು, ದೊಡ್ಡವರಿಗೆ ಇಂಗ್ಲಿಷ್ ತರಗತಿಗಳು ಬಂದವು. ಕಪ್ಪು ಜನರ ಕೇರಿಗಳಿಗೆ ಇಂಥ ನೆರವು ಮುಟ್ಟಿದ್ದು ಅತ್ಯಲ್ಪ. ಹೆಚ್ಚಾಗಿ ಹೋದದ್ದು ಪೊಲೀಸರು. ಹಾಗೆಂದು ವಲಸಿಗರಿಗೆ ಕಳಂಕವೇ ಅಂಟಲಿಲ್ಲವೆಂದು ತಿಳಿಯಬೇಡಿ: 1924ರ ವಲಸೆ ಕಾಯ್ದೆ ಇಟಾಲಿಯನ್ನರ ಪ್ರವೇಶವನ್ನೂ ತೀವ್ರವಾಗಿ ಕಡಿತಗೊಳಿಸಿತು. ಆದರೂ ಅವರ ಮಕ್ಕಳು ಅಂಕಿಅಂಶದ ಪಟ್ಟಿಗಳಲ್ಲಿ ಕ್ರಮೇಣ ಬರೀ ‘ಬಿಳಿಯರು’ ಆದರು. ನೀವು ವಾಣಿಜ್ಯ ಓದಿದವರು, ಪಟ್ಟಿಯ ಅಂಕಣಗಳನ್ನು ಯಾರು ಎಳೆದರೆಂದು ನೋಡುವ ಅಭ್ಯಾಸ ನಿಮಗಿರುತ್ತದೆ. ಮೊದಲು ಆ ಜನಗಣತಿಯ ಸಂಪುಟಗಳನ್ನೇ ತೆರೆದು ನೋಡಿ.