ಬ್ಯಾಟರಿ 200 ಮಿಲಿಸೆಕೆಂಡಿನಲ್ಲಿ ಸ್ಪಂದಿಸಬೇಕಿತ್ತು, ಪರೀಕ್ಷೆಯಲ್ಲಿ 4 ಸೆಕೆಂಡ್ ತೋರಿಸುತ್ತಿದೆ

ತುಂಗಾತೀರ (ಶಿವಮೊಗ್ಗ):

ನಾನು ಇಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಪ್ರಯೋಗಾಲಯದಲ್ಲಿ 50 ಕಿಲೋವ್ಯಾಟ್ ಇನ್ವರ್ಟರ್ ಮತ್ತು ಲಿಥಿಯಂ ಬ್ಯಾಟರಿ ಇವೆ. ಗ್ರಿಡ್ಡಿನ ಆವರ್ತನ (ನಮ್ಮಲ್ಲಿ 50 ಹರ್ಟ್ಸ್ ಇರಬೇಕಾದದ್ದು) ಇಳಿದಾಗ ವಿದ್ಯುತ್ ಕೊಟ್ಟು, ಏರಿದಾಗ ಹೀರಿಕೊಳ್ಳುವ ಕೆಲಸಕ್ಕೆ ಇದು ಎಷ್ಟು ಚುರುಕಾಗಿದೆ ಎಂಬುದನ್ನು ವಿದ್ಯಾರ್ಥಿಗಳೊಂದಿಗೆ ಪರೀಕ್ಷಿಸುತ್ತಿದ್ದೇವೆ. ಮೊದಲು ಎರಡು ದಿನ ಆವರ್ತನ ತಾನಾಗಿ ಕುಸಿಯಲಿ ಎಂದು ಕಾದೆವು, ಅದು 49.90ರಿಂದ 50.05 ಹರ್ಟ್ಸ್‌ನೊಳಗೇ ನಿಧಾನವಾಗಿ ತೂಗಾಡಿತೇ ಹೊರತು ಪರೀಕ್ಷೆಗೆ ಒದಗುವಂಥ ಕುಸಿತವೇನೂ ಸಿಗಲಿಲ್ಲ. ಆಮೇಲೆ ಕಂಪ್ಯೂಟರಿನಿಂದ ನಿಯಂತ್ರಕಕ್ಕೆ ಸುಳ್ಳು ಆವರ್ತನದ ಅಂಕಿಯನ್ನು ಕಳುಹಿಸಿ, ಸೆಕೆಂಡಿಗೊಮ್ಮೆ ದಾಖಲಿಸುವ ಮೀಟರಿನಲ್ಲಿ ಉತ್ತರ ನೋಡಿದೆವು. 10 ಕಿಲೋವ್ಯಾಟ್ ಬೇಕೆಂದಾಗ ಸುಮಾರು 1 ಸೆಕೆಂಡ್, 20 ಬೇಕೆಂದಾಗ 2, 40 ಬೇಕೆಂದಾಗ 4 ಸೆಕೆಂಡ್ ಹಿಡಿಯಿತು. ತಯಾರಕರ ಕೈಪಿಡಿಯಲ್ಲಿ 200 ಮಿಲಿಸೆಕೆಂಡ್ ಎಂದಿದೆ. ತಪ್ಪು ಯಂತ್ರದಲ್ಲಿದೆಯೇ, ನಮ್ಮ ಪರೀಕ್ಷೆಯಲ್ಲಿದೆಯೇ?

ಅಲೆಗೆರೆ (ಬೆಂಗಳೂರು):

ಎರಡರಲ್ಲೂ ಇದೆ. ಮೀಟರಿನಿಂದಲೇ ಶುರು ಮಾಡೋಣ. ಸೆಕೆಂಡಿಗೊಮ್ಮೆ ಓದುವ ಮೀಟರಿನಲ್ಲಿ 200 ಮಿಲಿಸೆಕೆಂಡನ್ನು ಅಳೆಯುವುದೆಂದರೆ ಅಡಿಕೆ ಮೂಟೆಯ ತಕ್ಕಡಿಯಲ್ಲಿ ಗುಲಗಂಜಿ ತೂಗಿದಂತೆ. ಆವರ್ತನ ಮತ್ತು ವಿದ್ಯುತ್ ಎರಡನ್ನೂ ಒಂದೇ ಉಪಕರಣದಲ್ಲಿ, ಒಂದೇ ಗಡಿಯಾರದ ಮೇಲೆ, ಸೆಕೆಂಡಿಗೆ ಕನಿಷ್ಠ ಐವತ್ತು ಬಾರಿಯಾದರೂ ದಾಖಲಿಸಿಕೊಳ್ಳಿ. ಎರಡು ಕಡೆಯ ಗಡಿಯಾರಗಳು ಅರ್ಧ ಸೆಕೆಂಡ್ ಹಿಂದುಮುಂದಾದರೂ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ.

ಆದರೆ ನೀವು ಕೊಟ್ಟಿರುವ ಮೂರು ಅಂಕಿಗಳನ್ನು ಇನ್ನೊಮ್ಮೆ ನೋಡಿ. ವಿಳಂಬವು ಸಂವಹನದ್ದಾಗಿದ್ದರೆ ಬೇಡಿಕೆ ಸಣ್ಣದಿರಲಿ ದೊಡ್ಡದಿರಲಿ ಅಷ್ಟೇ ಹೊತ್ತು ಹಿಡಿಯಬೇಕಿತ್ತು. ಇಲ್ಲಿ ಬೇಡಿಕೆ ಹೆಚ್ಚಿದಷ್ಟೂ ಹೊತ್ತು ಹೆಚ್ಚುತ್ತಿದೆ, ಅದೂ ಸೆಕೆಂಡಿಗೆ 10 ಕಿಲೋವ್ಯಾಟ್‌ನ ಲೆಕ್ಕದಲ್ಲಿ. ಇನ್ವರ್ಟರಿನ ಸೆಟ್ಟಿಂಗಿನಲ್ಲಿ ಯಾರೋ ಏರಿಳಿತದ ವೇಗಕ್ಕೆ ಮಿತಿ ಹಾಕಿದ್ದಾರೆ. ಸೌರಫಲಕಗಳ ಮೇಲೆ ಮೋಡ ಹಾಯ್ದಾಗ ಉತ್ಪಾದನೆ ಒಮ್ಮೆಲೇ ಜಿಗಿಯದಿರಲೆಂದು ಇಂಥ ಮಿತಿ ಹಾಕುವುದುಂಟು. ನಾನು ಪರೀಕ್ಷಿಸಿದ ಒಂದು ಘಟಕದಲ್ಲಿ ಇದನ್ನು ಹುಡುಕುವುದಕ್ಕೇ ಮೂರು ದಿನ ಹೋಯಿತು. ಅಳವಡಿಸಿದವರು ಯಾವ ಕಾಗದದಲ್ಲೂ ಅದನ್ನು ಬರೆದಿಟ್ಟಿರಲಿಲ್ಲ.

ಇನ್ನೊಂದು ಮಾತು. ಅಂಕಿಯನ್ನು ಕಂಪ್ಯೂಟರಿನಿಂದ ಕಳುಹಿಸಿದರೆ ಆವರ್ತನವನ್ನು ಅಳೆಯುವ ಹಂತವೇ ಪರೀಕ್ಷೆಯಿಂದ ತಪ್ಪಿಹೋಗುತ್ತದೆ. ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್. ನಂಬುವಂಥ ಅಳತೆಗೆ ಯಂತ್ರವು ಐದರಿಂದ ಹತ್ತು ಆವರ್ತಗಳನ್ನು ನೋಡುತ್ತದೆ ಎಂದಿಟ್ಟುಕೊಂಡರೆ 100ರಿಂದ 200 ಮಿಲಿಸೆಕೆಂಡ್ ಅಲ್ಲಿಯೇ ಮುಗಿಯಿತು. ಬೇಕಾದ ಆವರ್ತನವನ್ನು ಹುಟ್ಟಿಸಬಲ್ಲ ಎಸಿ ಮೂಲವೊಂದನ್ನು ಎರವಲು ತಂದು, ಅದನ್ನು ಅಳತೆಯ ತುದಿಗಳಿಗೇ ಜೋಡಿಸಿ. ಒಮ್ಮೆಲೇ ಇಳಿಯುವ ಸಂಕೇತ, ಇಳಿಜಾರಿನಂತೆ ಇಳಿಯುವ ಸಂಕೇತ, ಎರಡನ್ನೂ ಏರುದಿಕ್ಕಿನಲ್ಲಿಯೂ ಕೊಟ್ಟು ನೋಡಿ.

ನಿವೃತ್ತ ಗವರ್ನರ್ (ಸಾಗರ):

ನಾನು ಜಲವಿದ್ಯುತ್ ಕೇಂದ್ರದಲ್ಲಿ ದುಡಿದವನು, ಆದ್ದರಿಂದ ನೀರಿನ ಕಡೆಯ ಮಾತು ಹೇಳುತ್ತೇನೆ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟ್‌ನ ಹತ್ತು ಘಟಕಗಳಿವೆ, ಎಲ್ಲವೂ ಪೆಲ್ಟನ್ ಚಕ್ರಗಳು, ಅಂದರೆ ನಳಿಕೆಯಿಂದ ಚಿಮ್ಮುವ ನೀರಿನ ಧಾರೆಯ ಹೊಡೆತಕ್ಕೆ ತಿರುಗುವ ಟರ್ಬೈನುಗಳು. ನಾನೂರು ಮೀಟರಿಗೂ ಮಿಕ್ಕ ಎತ್ತರದಿಂದ ಇಳಿಯುವ ನೀರಿನ ಕಂಬವನ್ನು ಗದರಿಸಿ ಓಡಿಸಲಾಗದು. ನಳಿಕೆಯನ್ನು ಸರಕ್ಕನೆ ತೆರೆದರೆ ಒತ್ತಡ ಕುಸಿದು ಉತ್ಪಾದನೆ ಮೊದಲು ಕ್ಷಣಕಾಲ ಇಳಿಯುತ್ತದೆ, ಆಮೇಲೆ ಏರುತ್ತದೆ. ಸರಕ್ಕನೆ ಮುಚ್ಚಿದರೆ ಕೊಳವೆಗೇ ಏಟು. ಹಾಗಾಗಿ ಹೊರೆ ಹಠಾತ್ತನೆ ಕಳಚಿದಾಗ ಡಿಫ್ಲೆಕ್ಟರ್ ಮೊದಲು ನೀರಿನ ಧಾರೆಯನ್ನು ಚಕ್ರದಿಂದ ಪಕ್ಕಕ್ಕೆ ತಿರುಗಿಸುತ್ತದೆ, ನಳಿಕೆಯನ್ನು ಮುಚ್ಚುವ ಸೂಜಿ ತನ್ನ ಪಾಡಿಗೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ.

ಎಷ್ಟು ಕೊಡಬೇಕೆಂಬುದರ ಲೆಕ್ಕವೂ ಇರಲಿ. ಡ್ರೂಪ್ (ಆವರ್ತನ ಎಷ್ಟು ಬದಲಾದರೆ ಉತ್ಪಾದನೆ ಎಷ್ಟು ಬದಲಾಗಬೇಕೆಂಬ ಅನುಪಾತ) 5 ಶೇಕಡಾ ಎಂದರೆ 2.5 ಹರ್ಟ್ಸ್ ವ್ಯತ್ಯಾಸಕ್ಕೆ ಘಟಕದ ಪೂರ್ಣ ಸಾಮರ್ಥ್ಯ. 0.1 ಹರ್ಟ್ಸ್ ಇಳಿದರೆ 103.5 ಮೆಗಾವ್ಯಾಟ್ ಘಟಕವು ಸುಮಾರು 4 ಮೆಗಾವ್ಯಾಟ್ ಹೆಚ್ಚು ಕೊಡಬೇಕು, ಡೆಡ್‌ಬ್ಯಾಂಡ್ (ಘಟಕವು ಸ್ಪಂದಿಸದೆ ಬಿಡುವ ಸಣ್ಣ ವ್ಯತ್ಯಾಸ) ಕಳೆದರೆ ಇನ್ನೂ ಕಡಿಮೆ. ನಮ್ಮ ದೇಶದ 2023ರ ಗ್ರಿಡ್ ಸಂಹಿತೆಯ ಪ್ರಕಾರ ಪ್ರಾಥಮಿಕ ಸ್ಪಂದನವು (ಆವರ್ತನ ಬದಲಾದಾಗ ಘಟಕವು ತಾನಾಗಿ ಕೊಡುವ ಮೊದಲ ಉತ್ತರ) 45 ಸೆಕೆಂಡಿನೊಳಗೆ ಪೂರ್ಣವಾಗಿ ಬಂದು, ಮುಂದಿನ 5 ನಿಮಿಷ ನಿಲ್ಲಬೇಕು. ಹೊತ್ತಿನ ಮಟ್ಟಿಗೆ ನಿಮ್ಮ 4 ಸೆಕೆಂಡಿನ ಬ್ಯಾಟರಿಯೂ ಇಲ್ಲಿ ಸುಲಭವಾಗಿ ಪಾಸಾಗುತ್ತದೆ. ಬ್ರಿಟನ್ನಿನಲ್ಲಿ 2020ರಲ್ಲಿ ಆರಂಭವಾದ ಡೈನಾಮಿಕ್ ಕಂಟೈನ್‌ಮೆಂಟ್ ಎಂಬ, ಆವರ್ತನವನ್ನು ಮಿತಿಯೊಳಗೆ ಹಿಡಿದಿಡುವ ವೇಗದ ಸೇವೆಗೆ ಅದನ್ನು ಒಯ್ದರೆ ಅನುತ್ತೀರ್ಣ, ಏಕೆಂದರೆ ಅಲ್ಲಿ ಪೂರ್ಣ ಸ್ಪಂದನ 1 ಸೆಕೆಂಡಿನೊಳಗೆ ಬರಬೇಕು. ಯಾವ ಸೇವೆಗಾಗಿ ಪರೀಕ್ಷಿಸುತ್ತಿದ್ದೇವೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. 5 ನಿಮಿಷ ನಿಲ್ಲುವುದನ್ನೂ ಪರೀಕ್ಷಿಸಿ. ವೇಗದ ಗೀಳಿನಲ್ಲಿ ಅದನ್ನು ಮರೆಯುವವರೇ ಹೆಚ್ಚು.

ತೋಟದಮನೆ (ತೀರ್ಥಹಳ್ಳಿ):

ಅಡಿಕೆ ತೋಟದ ಪಂಪುಗಳನ್ನು ಆವರ್ತನ ಇಳಿದ ಕೂಡಲೇ ನಿಲ್ಲಿಸಿದರೆ ಅದೂ ಇಂಥ ಸ್ಪಂದನವೇ ಅಲ್ಲವೇ? ನಮ್ಮ 5 ಅಶ್ವಶಕ್ತಿಯ ಮೋಟಾರು ರಿಲೇ ಬಿದ್ದ ಮರುಕ್ಷಣವೇ ನಿಲ್ಲುತ್ತದೆ.

ಅಲೆಗೆರೆ (ಬೆಂಗಳೂರು):

ಹೌದು, ವೇಗದಲ್ಲಿ ಅದು ಬ್ಯಾಟರಿಗೇನೂ ಕಡಿಮೆಯಿಲ್ಲ. ಆದರೆ ಓಡುತ್ತಿರುವ ಪಂಪನ್ನು ಮಾತ್ರ ನಿಲ್ಲಿಸಬಹುದು. ಮುಂಗಾರಿನಲ್ಲಿ ಮಲೆನಾಡಿನ ಪಂಪುಗಳು ತಿಂಗಳುಗಟ್ಟಲೆ ಸುಮ್ಮನಿರುತ್ತವೆ, ಬೇಸಿಗೆಯಲ್ಲೂ ಮೂರು ಫೇಸ್ ಇದ್ದಷ್ಟು ಹೊತ್ತು ಮಾತ್ರ ಓಡುತ್ತವೆ. ಹಾಗಾಗಿ ಅಲ್ಲಿ ವೇಗಕ್ಕಿಂತ ಲಭ್ಯತೆಯನ್ನೇ ಪರೀಕ್ಷಿಸಬೇಕಾಗುತ್ತದೆ.

ತುಂಗಾತೀರ (ಶಿವಮೊಗ್ಗ):

ಊಹೆ ಸರಿಯಾಗಿತ್ತು. ಸೆಟ್ಟಿಂಗಿನ ನಾಲ್ಕನೆಯ ಪುಟದಲ್ಲಿ ಶೇಕಡಾ 20 ಎಂಬ ಮಿತಿ ಇತ್ತು, ಅಂದರೆ ಸೆಕೆಂಡಿಗೆ ಸರಿಯಾಗಿ 10 ಕಿಲೋವ್ಯಾಟ್. ಅದನ್ನು ತೆಗೆದು, ಎರವಲು ಮೂಲದಿಂದ ಆವರ್ತನವನ್ನು ಒಮ್ಮೆಲೇ ಇಳಿಸಿದಾಗ 40 ಕಿಲೋವ್ಯಾಟ್ 340 ಮಿಲಿಸೆಕೆಂಡಿನಲ್ಲಿ ಬಂತು. 5 ನಿಮಿಷವೂ ನಿಂತಿತು. ಏರುದಿಕ್ಕಿನಲ್ಲಿ ಹೊಸ ತೊಡಕು ಕಂಡಿದೆ: ಬ್ಯಾಟರಿ 90 ಶೇಕಡಾ ತುಂಬಿದ್ದಾಗ 40 ಕಿಲೋವ್ಯಾಟ್ ಹೀರಿಕೊಳ್ಳಬೇಕಾದದ್ದು 18ಕ್ಕೇ ನಿಂತುಬಿಡುತ್ತದೆ. ಬ್ಯಾಟರಿಯ ರಕ್ಷಣಾ ವ್ಯವಸ್ಥೆಯೇ ತಡೆಯುತ್ತಿರುವಂತಿದೆ. ಸೋಮವಾರ 30, 50 ಮತ್ತು 70 ಶೇಕಡಾದಲ್ಲಿ ಮತ್ತೆ ಅಳೆದು ಗ್ರಾಫನ್ನು ಇಲ್ಲಿಯೇ ಹಾಕುತ್ತೇನೆ.