ಕೋಸಂಬರಿಯನ್ನೇ ಮಧ್ಯಾಹ್ನದ ಊಟ ಮಾಡಿಕೊಳ್ಳುವುದು ಹೇಗೆ? ನೀರು ಬಿಡಬಾರದು, ಹೊಟ್ಟೆಯೂ ತುಂಬಬೇಕು

ಬುತ್ತಿಗಂಟು:

ಎಲ್ಲರಿಗೂ ನಮಸ್ಕಾರ. ಯುಗಾದಿಯಿಂದ ಮುಂಗಾರು ಹಿಡಿಯುವ ತನಕ ಮಧ್ಯಾಹ್ನ ಅನ್ನ-ಸಾರು ಬಿಟ್ಟು ಕೋಸಂಬರಿಯನ್ನೇ ಡಬ್ಬಿಗೆ ಹಾಕಿಕೊಳ್ಳುವ ಯೋಚನೆ. ಬೆಳಗ್ಗೆ 7ಕ್ಕೆ ಮಾಡಿದ್ದನ್ನು 1 ಗಂಟೆಗೆ ತಿನ್ನುವುದು. ಆಫೀಸಿನಲ್ಲಿ ಫ್ರಿಜ್ ಇಲ್ಲ.

ಒಬ್ಬರಿಗೆ ಈಗ ಹಾಕುತ್ತಿರುವ ಅಳತೆ: ರಾತ್ರಿಯೇ ನೆನೆಹಾಕಿದ ಹೆಸರುಬೇಳೆ 2 ದೊಡ್ಡ ಚಮಚ, ತುರಿದ ಸೌತೆಕಾಯಿ 1, ಕ್ಯಾರೆಟ್ ಅರ್ಧ, ಹಸಿ ತೆಂಗಿನತುರಿ, ಉಪ್ಪು, ನಿಂಬೆರಸ, ಒಗ್ಗರಣೆ. ಎಲ್ಲವನ್ನೂ ಬೆಳಗ್ಗೆಯೇ ಕಲಸುತ್ತೇನೆ.

ತೊಂದರೆಗಳು ಇಷ್ಟು. ತಿನ್ನುವ ಹೊತ್ತಿಗೆ ಡಬ್ಬಿಯ ತಳದಲ್ಲಿ ನೀರು ನಿಂತಿರುತ್ತದೆ. ಬೇಳೆ ಲೋಳೆಲೋಳೆ. ತೆಂಗಿನತುರಿಗೆ ಹಳಸಲು ವಾಸನೆ. ಸಂಜೆ 4ಕ್ಕೆ ಮತ್ತೆ ಹಸಿವು. ಮಾವಿನಕಾಯಿ, ಎಳೆಸೌತೆ ಚೆನ್ನಾಗಿ ಸಿಗುವ ಕಾಲ ಇದು. ತಿಳಿದವರು ಅಳತೆ ಸಮೇತ ಹೇಳಿ.

ಒಗ್ಗರಣೆಸೌಟು:

ನೀವು ಮಾಡುತ್ತಿರುವುದು ಎಲೆ ತುದಿಗೆ ಬಡಿಸುವ ಕೋಸಂಬರಿ. ಅದರಲ್ಲಿ ತರಕಾರಿ ಹೆಚ್ಚು, ಬೇಳೆ ಕಡಿಮೆ. ಊಟದ ಜಾಗಕ್ಕೆ ಬರಬೇಕಾದರೆ ಬೇಳೆಯೇ ಮುಖ್ಯವಾಗಬೇಕು, ತರಕಾರಿ ಅದಕ್ಕೆ ಜೊತೆ.

ಒಬ್ಬರಿಗೆ ಒಣಬೇಳೆ 60 ಗ್ರಾಂ ತೆಗೆದುಕೊಳ್ಳಿ, ಅಂದರೆ ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ. ನೆನೆದರೆ ಹತ್ತಿರಹತ್ತಿರ ಎರಡರಷ್ಟು ತೂಕ ಬರುತ್ತದೆ. ಹೆಸರುಬೇಳೆಯಲ್ಲಿ 100 ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನ್ ಇರುವುದರಿಂದ ಇಷ್ಟರಲ್ಲೇ 14 ಗ್ರಾಂ ಸಿಕ್ಕಿತು. ಮೇಲೆ 25 ಗ್ರಾಂ ಹುರಿದ ಕಡಲೆಕಾಯಿ ಬೀಜ ಹಾಕಿದರೆ ಇನ್ನೊಂದು 6 ಗ್ರಾಂ. ನಿಮ್ಮ 2 ಚಮಚದಲ್ಲಿ ಇದರ ಅರ್ಧವೂ ಇರಲಿಲ್ಲ, 4 ಗಂಟೆಗೆ ಹಸಿವಾಗುವುದು ಸಹಜ.

ಲೋಳೆಗೆ ಕಾರಣ ರಾತ್ರಿಯಿಡೀ ನೆನೆಸುವುದು. ಸಿಪ್ಪೆ ಇಲ್ಲದ ಹೆಸರುಬೇಳೆಗೆ ಬೇಸಿಗೆಯಲ್ಲಿ 45 ನಿಮಿಷದಿಂದ ಒಂದು ಗಂಟೆ ಸಾಕು. ಒಂದು ಕಾಳು ತೆಗೆದು ಉಗುರಿನಿಂದ ಒತ್ತಿ ನೋಡಿ. ಪಟ್ಟನೆ ಎರಡಾಗಿ, ಒಳಗೆ ಬಿಳಿ ಚುಕ್ಕೆ ಇಲ್ಲದಿದ್ದರೆ ಹದ ಬಂತು. ಹಿಸುಕಿದಾಗ ಹಿಟ್ಟಾದರೆ ಹೆಚ್ಚು ನೆನೆದಿದೆ. ಸೆಕೆಯಲ್ಲಿ ಹೊರಗೇ ಬಿಟ್ಟರೆ ನೀರಿನ ಮೇಲೆ ನೊರೆ ಕಟ್ಟಿ ಹುಳಿ ಬರಲು ಶುರುವಾಗುತ್ತದೆ, ಅದನ್ನು ಕೋಸಂಬರಿಗೆ ಬಳಸಲೇಬೇಡಿ. ಕಡಲೆಬೇಳೆಯಾದರೆ 2ರಿಂದ 3 ಗಂಟೆ ಬೇಕು. ರುಚಿ ಅದಕ್ಕೇ ಜಾಸ್ತಿ, ಆದರೆ ಇಷ್ಟು ಪ್ರಮಾಣದಲ್ಲಿ ಹಸಿಯಾಗಿ ತಿಂದರೆ ಹಲವರಿಗೆ ಹೊಟ್ಟೆ ಉಬ್ಬರಿಸುತ್ತದೆ.

ನೆನೆದ ಬೇಳೆಯನ್ನು ನೀರು ತಿಳಿಯಾಗುವ ತನಕ ಮೂರ್ನಾಲ್ಕು ಸಲ ತೊಳೆದು, ಜರಡಿಯಲ್ಲಿ 15 ನಿಮಿಷ ಬಿಡಿ. ಈ ಬಸಿಯುವ ಹೊತ್ತನ್ನು ಉಳಿಸಲು ಹೋದರೆ ಡಬ್ಬಿಯ ನೀರಿಗೆ ಅದೂ ಸೇರುತ್ತದೆ. 60 ಗ್ರಾಂ ಹಸಿಬೇಳೆ ಒಗ್ಗದವರು ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಹಾಸಿ 4 ನಿಮಿಷ ಹಬೆಯಲ್ಲಿಡಿ, ತಕ್ಷಣ ತಟ್ಟೆಗೆ ಹರಡಿ ಆರಿಸಿ. ಬೇಳೆ ಇಡಿಯಾಗಿಯೇ ಉಳಿಯುತ್ತದೆ, ಹಸಿವಾಸನೆ ಹೋಗುತ್ತದೆ, ಅರಗುವುದೂ ಸಲೀಸು. 8 ನಿಮಿಷ ಇಟ್ಟರೆ ಮುದ್ದೆ.

ಇನ್ನು ಸೌತೆಕಾಯಿ. ಅದರಲ್ಲಿ ನೂರಕ್ಕೆ 95 ಪಾಲು ನೀರೇ. ಉಪ್ಪು ತಾಗಿದ ಕೂಡಲೇ ಬಿಡಲು ಶುರುಮಾಡುತ್ತದೆ, ತುರಿದರಂತೂ ಇನ್ನೂ ಬೇಗ. ಆದ್ದರಿಂದ ತುರಿಯಬೇಡಿ. ಉದ್ದಕ್ಕೆ ಸೀಳಿ, ಬೀಜದ ತಿರುಳನ್ನು ಚಮಚದಿಂದ ಕೆರೆದು ತೆಗೆದು, ಬಟಾಣಿ ಗಾತ್ರಕ್ಕೆ ಹೆಚ್ಚಿ. 200 ಗ್ರಾಂ ಹೋಳಿಗೆ ಕಾಲು ಚಹಾ ಚಮಚ ಉಪ್ಪು ಬೆರೆಸಿ 15 ನಿಮಿಷ ಜರಡಿಯಲ್ಲಿಟ್ಟು, ಹಿಡಿಹಿಡಿಯಾಗಿ ಮೆಲ್ಲಗೆ ಹಿಂಡಿ. ಆ ನೀರು ಮಜ್ಜಿಗೆಗೆ ಹೋಗಲಿ, ಚೆಲ್ಲಬೇಡಿ. ಹೋಳಿನಲ್ಲಿ ಉಪ್ಪು ಉಳಿದಿರುತ್ತದೆ, ಕೊನೆಯಲ್ಲಿ ಮತ್ತೆ ಹಾಕುವಾಗ ಅದು ನೆನಪಿರಲಿ.

ಕಲಸುವ ಕ್ರಮವೂ ಮುಖ್ಯ. 2 ಚಹಾ ಚಮಚ ಎಣ್ಣೆಗೆ ಸಾಸಿವೆ ಅರ್ಧ ಚಮಚ, ಸಿಡಿದ ಮೇಲೆ ಒಣಮೆಣಸು 1, ಕರಿಬೇವು ಒಂದು ಎಸಳು, ಕೊನೆಗೆ ಚಿಟಿಕೆ ಇಂಗು. ಈ ಒಗ್ಗರಣೆ ಪೂರ್ತಿ ಆರಬೇಕು, ಬಿಸಿಯದನ್ನು ಸುರಿದರೆ ಸೌತೆ ಬಾಡುತ್ತದೆ. ಆರಿದ್ದನ್ನು ಮೊದಲು ಬೇಳೆಗೆ ಹಾಕಿ ಕಲಸಿ, ಆಮೇಲೆ ಕ್ಯಾರೆಟ್ ತುರಿ, ಮಾವಿನಕಾಯಿ, ಕೊತ್ತಂಬರಿ ಸೊಪ್ಪು. ಹಿಂಡಿದ ಸೌತೆ ಬೇರೆ ಪುಟ್ಟ ಡಬ್ಬಿಯಲ್ಲಿ ಬರಲಿ. ಉಪ್ಪು ಪೊಟ್ಟಣದಲ್ಲಿ. ತಿನ್ನುವಾಗ ಬೆರೆಸಿಕೊಳ್ಳಿ.

ಹಸಿ ತೆಂಗಿನತುರಿ ಏಪ್ರಿಲ್ ಸೆಕೆಯಲ್ಲಿ 6 ಗಂಟೆ ತಡೆಯುವುದಿಲ್ಲ. ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ತೇವ ಆರುವಷ್ಟು ಮಾತ್ರ ಹುರಿದು, ಬಣ್ಣ ತಿರುಗುವ ಮೊದಲೇ ಇಳಿಸಿ, ಆರಿಸಿ ಹಾಕಿ. ಇಲ್ಲವೇ ಡಬ್ಬಿಗೆ ತೆಂಗಿನಕಾಯಿ ಬಿಟ್ಟು, ತರಿತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜವನ್ನೇ ನೆಚ್ಚಿಕೊಳ್ಳಿ.

ನಿಂಬೆರಸ ಈ ಕಾಲಕ್ಕೆ ಬೇಕಿಲ್ಲ. ಗಿಣಿಮೂತಿ ಮಾವಿನಕಾಯಿ ಹುಳಿ ಕಡಿಮೆ, ಗರಿಗರಿ ಜಾಸ್ತಿ, ಸಣ್ಣ ಹೋಳು ಮಾಡಿ 4 ದೊಡ್ಡ ಚಮಚ ಹಾಕಬಹುದು. ನಾಟಿ ಹುಳಿ ಮಾವಾದರೆ ತುರಿದು ಒಂದೂವರೆ ಚಮಚಕ್ಕೆ ನಿಲ್ಲಿಸಿ. ನಿಂಬೆಯೇ ಇಷ್ಟವಾದರೆ ಹೋಳನ್ನು ಹಾಗೇ ಒಯ್ದು ಅಲ್ಲೇ ಹಿಂಡಿಕೊಳ್ಳಿ. ಬೆಳಗ್ಗೆಯೇ ಹಿಂಡಿದರೆ ಹುಳಿ ತಗುಲಿ ಕೊತ್ತಂಬರಿ ಮಧ್ಯಾಹ್ನಕ್ಕೆ ಕಂದುಹಸಿರಾಗಿರುತ್ತದೆ.

ಬೇಸಿಗೆಯ ಸೌತೆಕಾಯಿಯ ಬಗ್ಗೆ ಒಂದು ಮಾತು. ನೀರು ಸಾಲದೆ ಬೆಳೆದ ಬಳ್ಳಿಯ ಕಾಯಿ ಕಹಿ ಬರುವುದುಂಟು, ತೊಟ್ಟಿನ ಕಡೆ ಹೆಚ್ಚು. ಹೆಚ್ಚುವ ಮೊದಲು ತೊಟ್ಟಿನ ಕಡೆಯಿಂದ ಒಂದು ಅಂಗುಲ ಕತ್ತರಿಸಿ, ಮುಂದಿನ ಹೋಳಿನ ರುಚಿ ನೋಡಿ. ಅದೂ ಕಹಿಯಾದರೆ ಇಡೀ ಕಾಯಿ ಬಿಸಾಡಿ. ಆ ಕಹಿ ಹೊಟ್ಟೆ ಕೆಡಿಸುತ್ತದೆ, ತುದಿ ತಿಕ್ಕಿ ನೊರೆ ತೆಗೆದರೂ ಹೋಗುವುದಿಲ್ಲ.

ಕಡಕ್‌ರೊಟ್ಟಿ:

ಒಗ್ಗರಣೆಸೌಟು ಅವರು ಹೇಳಿದ್ದು ಎಲ್ಲಾ ಖರೆ ಐತ್ರಿ. ಆದ್ರ ಸವತಿಕಾಯಿ ಹಿಂಡೋದು ನನಗ ಒಪ್ಪಿಗಿ ಇಲ್ಲ. ಹಿಂಡಿದ ಮ್ಯಾಲ ಆ ಕಟುಂ ಅನ್ನೋ ರುಚಿ ಎಲ್ಲಿ ಉಳೀತದ? ಎಳೀ ಸವತಿಕಾಯಿ ಇಡೀದು ಒಯ್ರಿ, ಸಣ್ಣ ಚಾಕು ಒಯ್ರಿ, ಉಣ್ಣೋ ಹೊತ್ತಿಗೆ ಹೆಚ್ಚಿ ಹಾಕ್ಕೋರಿ. ಎರಡ ನಿಮಿಷದ ಕೆಲಸ.

ಹೊಟ್ಟಿ ತುಂಬಬೇಕಂದ್ರ ನಮ್ಮ ಕಡೆ ಪಚಡಿ ಮಾಡಿ ನೋಡ್ರಿ. ಒಬ್ಬರಿಗೆ ಎಳೀ ಮೆಂತ್ಯೆ ತಪ್ಪಲ ಹೆಚ್ಚಿದ್ದು ಒಂದು ಬಟ್ಟಲ, ಉಳ್ಳಾಗಡ್ಡಿ ಒಂದು ಸಣ್ಣದು, ಮೂಲಂಗಿ ಇದ್ರ ಅರ್ಧ, ಮೊಳಕಿ ಬಂದ ಮಡಕಿ ಕಾಳು ಅರ್ಧ ಬಟ್ಟಲ, ಶೇಂಗಾ ಹಿಂಡಿ (ಅಂದ್ರ ಚಟ್ನಿಪುಡಿ) 2 ದೊಡ್ಡ ಚಮಚ, ಗುರೆಳ್ಳು ಹಿಂಡಿ 1 ಚಮಚ, ಗಟ್ಟಿ ಮೊಸರು 3 ಚಮಚ. ಜೋಡಿ ಎರಡು ಕಡಕ್ ಜ್ವಾಳದ ರೊಟ್ಟಿ. ಸಂಜೀತನಕ ಹಸಿವಿ ಮಾತಿಲ್ಲ.

ತಪ್ಪುವುದು ಎಲ್ಲಿ ಅಂದ್ರ ಮೆಂತ್ಯೆದಾಗ. ಬ್ಯಾಸಗಿಗೆ ಮೆಂತ್ಯೆ ಲಗೂ ಬಲೀತದ, ಬಲಿತದ್ದು ಕಹಿ. ಗೇಣುದ್ದಕ್ಕಿಂತ ಗಿಡ್ಡ ಇರೋ, ಹೂವು ಬರದ ಸಿವುಡು ಆರಿಸ್ರಿ. ಮೂರು ನೀರಾಗ ತೊಳೀರಿ, ಇಲ್ಲಂದ್ರ ಉಸುಕು ಹಲ್ಲಿಗೆ ಸಿಗತದ. ಅರಬೀ ಮ್ಯಾಲ ಹರವಿ ಪೂರಾ ಒಣಗಿಸಿದ ಮ್ಯಾಲನ ಹೆಚ್ಚಬೇಕು. ಹರಿತ ಚಾಕುಲೆ ಒಮ್ಮೆ ಹೆಚ್ಚಿ ಬಿಡ್ರಿ. ಅದನ್ನ ತಿರುಗಿ ತಿರುಗಿ ಕೊಚ್ಚಿದ್ರ ತಪ್ಪಲ ಜಜ್ಜಿ ರಸಾ ಬಿಡತದ, ಕಹಿ ಏರತದ.

ಗುರೆಳ್ಳು ಸಣ್ಣ ಉರಿಮ್ಯಾಲ ಚಟಪಟ ಅನ್ನೋತನಕ ಅಷ್ಟ ಹುರೀರಿ. ಕರೀ ಕಾಳು ಆಗಿದ್ದಕ್ಕ ಹೊತ್ತಿದ್ದು ಕಣ್ಣಿಗೆ ಗೊತ್ತಾಗಂಗಿಲ್ಲ, ಮೂಗಿಗೆ ಗೊತ್ತಾಗತದ. ಘಮ ಬಂದ ಕೂಡಲೆ ಇಳಿಸಬೇಕು. ಹಿಂಡಿ ಮುಂಜಾನೆನ ಕಲಸಬ್ಯಾಡ್ರಿ, ಪುಡಿಕಿ ಕಟ್ಟಿ ಒಯ್ರಿ. ಕಾಯಿಪಲ್ಯ ಬಿಟ್ಟ ನೀರೆಲ್ಲಾ ಅದು ಹೀರಿಕೊಂಡು ದಪ್ಪ ಆಗತದ, ಹಂಗಾಗಿ ನಿಮ್ಮ ತಳದ ನೀರಿನ ತೊಂದರಿಗೂ ಇದ ಔಷಧ. ಮೊಸರು ಫ್ರಿಜ್ ಇಲ್ಲದಾಗ ಹುಳಿ ಏರತದ. ರಾತ್ರಿ ತಡಾಗಿ ಹೆಪ್ಪು ಹಾಕಿದ್ದು ಒಯ್ದ್ರ ನಡೀತದ.

ಹಕ್ಕರಿಕಿ ತಪ್ಪಲ ಸಿಕ್ರ ಬಿಡಬ್ಯಾಡ್ರಿ. ಸ್ವಲ್ಪ ಖಾರ, ಮೆಂತ್ಯೆ ಕಹಿಗೆ ಅದು ಭಾಳ ಚಲೋ ಹೊಂದತದ.

ಗೇರುತೋಪು:

ಕರಾವಳಿಯಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ಹಸಿ ಗೇರುಬೀಜ ಸಿಗುತ್ತದೆ. ಕೋಸಂಬರಿಯನ್ನು ಊಟಕ್ಕೆ ಏರಿಸಲು ಇದರಷ್ಟು ಒಳ್ಳೆಯ ವಸ್ತು ಬೇರೆ ಇಲ್ಲ ಎಂದು ನನ್ನ ಅಭಿಪ್ರಾಯ. ಮೃದು, ಸಿಹಿ, ಒಣ ಗೋಡಂಬಿಗೆ ಆ ರುಚಿ ಬರುವುದೇ ಇಲ್ಲ.

ಬಿಡಿಸಿದ್ದು ಮಾರುಕಟ್ಟೆಯಲ್ಲಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಇಡೀ ಬೀಜ ತಂದರೆ ಜಾಗ್ರತೆ. ಸಿಪ್ಪೆಯ ಸೊನೆ ಚರ್ಮ ಸುಡುತ್ತದೆ. ಕೈಗೆ ತೆಂಗಿನೆಣ್ಣೆ ದಪ್ಪಗೆ ಸವರಿ, ಅದರ ಮೇಲೆ ಕೈಗವಸು ಹಾಕಿಕೊಂಡು, ಉದ್ದಕ್ಕೆ ಸೀಳಿ ಮೊನೆಯಿರುವ ಕಡ್ಡಿಯಿಂದ ತಿರುಳು ಎಬ್ಬಿಸಿ. ಹಲ್ಲಿನಿಂದ ಕಚ್ಚಲೇಬಾರದು. ಬಿಡಿಸಿದ ತಿರುಳನ್ನು ಬಿಸಿನೀರಿನಲ್ಲಿ 15 ನಿಮಿಷ ಬಿಟ್ಟರೆ ಒಳಸಿಪ್ಪೆ ಬೆರಳಿಗೇ ಜಾರಿ ಬರುತ್ತದೆ. ಆಮೇಲೆ ಉಪ್ಪುನೀರಿನಲ್ಲಿ 8ರಿಂದ 10 ನಿಮಿಷ ಬೇಯಿಸಿ ಬಸಿಯಿರಿ.

ಒಬ್ಬರಿಗೆ ಒಂದು ದೊಡ್ಡ ಹಿಡಿ ಗೇರುಬೀಜ, ಹಬೆಯಲ್ಲಿಟ್ಟ ಹೆಸರುಬೇಳೆ ಅರ್ಧ ಕಪ್, ಮುಳ್ಳುಸೌತೆ, ಹಸಿಮೆಣಸು 1, ಮಾವಿನಕಾಯಿ, ತೆಂಗಿನೆಣ್ಣೆಯ ಒಗ್ಗರಣೆ. ಇಲ್ಲಿ ಇಂಗು ಹಾಕದಿದ್ದರೇ ಚಂದ, ಗೇರಿನ ಸಿಹಿ ನಾಲಗೆಗೆ ಸಿಗುತ್ತದೆ.

ಮಾವು, ಗೇರು ಎರಡೂ ಒಂದೇ ಕುಟುಂಬದ ಗಿಡಗಳು. ಮಾವಿನ ಸೊನೆ ತಾಗಿ ತುಟಿ, ಕೈ ತುರಿಸುವವರು ಗೇರು ಬಿಡಿಸುವ ಕೆಲಸಕ್ಕೆ ಹೋಗದಿರುವುದು ಒಳ್ಳೆಯದು. ಮಾವಿನಕಾಯಿಯನ್ನೂ ತೊಟ್ಟು ಮುರಿದು, ತಲೆಕೆಳಗು ಮಾಡಿ ಸೊನೆ ಇಳಿಸಿ, ತೊಳೆದೇ ಹೆಚ್ಚಿ.

ಬಾಳೆದಿಂಡು ಕೂಡ ನೀರು ಬಿಡುತ್ತದೆ, ಆದರೆ ಸೌತೆಯಷ್ಟು ಅಲ್ಲ. ತೆಳ್ಳಗೆ ಬಿಲ್ಲೆ ಮಾಡುವಾಗ ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆಯುತ್ತಾ ಹೋಗಿ, ಹೋಳನ್ನು ನೀರುಮಜ್ಜಿಗೆಗೆ ಹಾಕಿಡಿ, ಕಪ್ಪಾಗುವುದಿಲ್ಲ.

ಬುತ್ತಿಗಂಟು:

ಮೂವರಿಗೂ ತುಂಬಾ ಧನ್ಯವಾದ. ಇನ್ನೆರಡು ಪ್ರಶ್ನೆ. ಕಡಕ್‌ರೊಟ್ಟಿ ಅವರು ಹೇಳಿದ ಮೊಳಕೆ ಕಾಳನ್ನು ಹಸಿಯಾಗಿಯೇ ಹಾಕಬೇಕೇ? ರಾತ್ರಿಯೇ ಯಾವ ಯಾವ ಕೆಲಸ ಮುಗಿಸಿಡಬಹುದು?

ಒಗ್ಗರಣೆಸೌಟು:

ಬೇಸಿಗೆಯಲ್ಲಿ ಮೊಳಕೆ ಕಾಳು ಹಸಿಯಾಗಿ ಡಬ್ಬಿಗೆ ಬೇಡ. ಮೊಳಕೆ ಬರಲು ಬೇಕಾದ ತೇವ, ಬೆಚ್ಚಗಿನ ಶಾಖ ಕ್ರಿಮಿಗಳು ಬೆಳೆಯಲೂ ಅಷ್ಟೇ ಅನುಕೂಲ, ಆಮೇಲೆ ಡಬ್ಬಿಯೊಳಗೆ ಇನ್ನಾರು ಗಂಟೆ. 8 ಗಂಟೆ ನೆನೆಸಿ, ತೊಳೆದು, ಬಟ್ಟೆಯಲ್ಲಿ ಕಟ್ಟಿ 10–12 ಗಂಟೆ ಬಿಟ್ಟರೆ ಈ ಸೆಕೆಗೆ ಅರ್ಧ ಅಂಗುಲ ಮೊಳಕೆ ಬರುತ್ತದೆ. ನಡುವೆ ಒಮ್ಮೆ ಬಟ್ಟೆ ಬಿಚ್ಚಿ ತಣ್ಣೀರಲ್ಲಿ ಜಾಲಿಸಿ ಮತ್ತೆ ಕಟ್ಟಿ. ಹುಳಿ ವಾಸನೆ ಬಂದರೆ, ಕೈಗೆ ಜಾರಿದರೆ ಗಿಡಕ್ಕೆ ಗೊಬ್ಬರ. ಚೆನ್ನಾಗಿದ್ದದ್ದನ್ನು ಕಾಳಿನ ಒಳತನಕ ಬಿಸಿ ತಾಗುವಂತೆ 6–7 ನಿಮಿಷ ಹಬೆಯಲ್ಲಿಟ್ಟು, ಪೂರ್ತಿ ಆರಿಸಿ ತುಂಬಿ. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ಬೆವರಿ ಅದೇ ನೀರು ಕೆಳಗೆ ಬೀಳುತ್ತದೆ.

ರಾತ್ರಿ ಮಾಡಿಡಬಹುದಾದದ್ದು: ಕಡಲೆಕಾಯಿ ಬೀಜ ಹುರಿದು ಕುಟ್ಟುವುದು, ಸೊಪ್ಪು ತೊಳೆದು ಒಣಗಿಸಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡುವುದು, ಕ್ಯಾರೆಟ್ ತುರಿಯುವುದು. ಬೇಳೆ ಮಾತ್ರ ಬೆಳಗ್ಗೆ ಎದ್ದ ತಕ್ಷಣ ನೆನೆಯಲಿ. ಸೌತೆ, ಮಾವು ಹೊರಡುವ ಮೊದಲು ಹೆಚ್ಚಿ.

ರೊಟ್ಟಿ ಒಯ್ಯಲು ಆಗದ ದಿನಕ್ಕೆ ನವಣೆ ಇದೆ. ಒಬ್ಬರಿಗೆ 40 ಗ್ರಾಂ ನವಣೆ ಅರ್ಧ ಗಂಟೆ ನೆನೆಸಿ, ಎರಡರಷ್ಟು ನೀರಿನಲ್ಲಿ ಉದುರಾಗಿ ಬೇಯಿಸಿ, ಅಗಲ ತಟ್ಟೆಯಲ್ಲಿ ಆರಿಸಿ ಬೇಳೆಯ ಜೊತೆ ಕಲಸಿ. ಆಗ ಬೇಳೆಯನ್ನು 40 ಗ್ರಾಂಗೆ ಇಳಿಸಬಹುದು.

ಸೌತೆಯ ವಿಷಯದಲ್ಲಿ ಕಡಕ್‌ರೊಟ್ಟಿ ಅವರ ಮಾತು ಸರಿ. ಅಲ್ಲೇ ಹೆಚ್ಚಲು ಅನುಕೂಲವಿದ್ದರೆ ಹಿಂಡುವ ಅಗತ್ಯವೇ ಇಲ್ಲ.

ದೂರದೂರು:

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿ ವಸಂತಕ್ಕೆ ಒಳ್ಳೆಯ ಮಾವಿನಕಾಯಿ ಸಿಗುವುದು ಕಷ್ಟ. ಎಳೆ ಕೆಂಪು ಮೂಲಂಗಿ, ಸಿಪ್ಪೆ ಸಮೇತ ತಿನ್ನುವ ಬಟಾಣಿ, ಆಸ್ಪರಾಗಸ್ ಬರುತ್ತವೆ. ಇವನ್ನು ಇದೇ ಬೇಳೆಗೆ ಹೊಂದಿಸಬಹುದೇ?

ಒಗ್ಗರಣೆಸೌಟು:

ಧಾರಾಳವಾಗಿ. ಆಸ್ಪರಾಗಸ್‌ನ ಗಟ್ಟಿ ಬುಡ ಮುರಿದು ಹಾಕಿ, ಉಳಿದದ್ದನ್ನು ಅರ್ಧ ಅಂಗುಲದ ತುಂಡು ಮಾಡಿ, ಕುದಿಯುವ ಉಪ್ಪುನೀರಿನಲ್ಲಿ 1 ನಿಮಿಷ ಬಿಟ್ಟು ತಕ್ಷಣ ಐಸ್ ನೀರಿಗೆ. ಆಮೇಲೆ ಬಟ್ಟೆಯಲ್ಲಿ ಒರೆಸಲೇಬೇಕು, ತುದಿಯ ಮೊಗ್ಗಿನೊಳಗೆ ನೀರು ಕೂತಿರುತ್ತದೆ. ಬಟಾಣಿಯ ಬೆನ್ನಿನ ನಾರು ಎಳೆದು ತೆಗೆದು ಹಸಿಯಾಗಿಯೇ ಓರೆಯಾಗಿ ಹೆಚ್ಚಿ. ಮೂಲಂಗಿ ತೆಳ್ಳಗೆ ಬಿಲ್ಲೆ ಮಾಡಿ, ಅದರ ಎಳೆ ಸೊಪ್ಪು ತಾಜಾ ಇದ್ದರೆ ಒಂದು ಹಿಡಿ ಸಣ್ಣಗೆ ಹೆಚ್ಚಿ ಸೇರಿಸಿ. ಹುಳಿಗೆ ನಿಂಬೆ ಸಾಕು, 60 ಗ್ರಾಂ ಬೇಳೆಗೆ ಅರ್ಧ ಹಣ್ಣಿನ ರಸ, ತಿನ್ನುವಾಗ. ಮೂಲಂಗಿ ಇದ್ದಾಗ ಹಸಿಮೆಣಸು ಕಡಿಮೆ ಮಾಡಿ, ಒಣಮೆಣಸಿನ ಒಗ್ಗರಣೆಯೊಂದೇ ಸಾಕಾಗುತ್ತದೆ.